ಮಾಯವ್ವ ಸಾಂಗ್ಲಿ ನೋಡಿದ ಎರಡು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ಮಾಯವ್ವ ಕೋಶದ ಗೊಡವೆಗೆ ಹೋದವಳಲ್ಲ, ದೇಶವನ್ನಂತೂ ಕಾಲು ಸವೆಯುವಷ್ಟು ಸುತ್ತಿದ್ದಳು. ಜತ್ತ ತಾಲೂಕಿನ ಗಡಿಯಲ್ಲಿರುವ ತನ್ನ ಹಳ್ಳಿಯಿಂದ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊರಟರೆ ಕೃಷ್ಣೆಯ ದಂಡೆಯವರೆಗೆ ಬರುವುದು, ಮಳೆಗಾಲ ಹತ್ತಿರವಾದಂತೆ ಮರಳುವುದು. ಮದುವೆಯಾಗಿ ಬಂದ ವರ್ಷದಿಂದ ಅದೇ ದಾರಿ. ಗಂಡ ಮಾಯಪ್ಪ ಹೋದ ಮೇಲೂ ಅದೇ ದಾರಿ. ಬುಧಗಾಂವದ ಹೊಲಗಳಲ್ಲಿ ತಂಗಿದ್ದಾಳೆ. ಕಸಬೆ ಡಿಗ್ರಜದಲ್ಲಿ ಕಬ್ಬು ಕಡಿದ ನೆಲದ ಮೇಲೆ ಗೊಬ್ಬರಕ್ಕೆಂದು ಹಿಂಡು ಕೂಡಿಸಿ, ಹೊಲದವರಿಂದ ಜೋಳ ಇಸಿದುಕೊಂಡಿದ್ದಾಳೆ. ಸಂಜೆ ಅಲ್ಲಿ ಒಲೆ ಹೂಡಿ ಕುಳಿತರೆ ಸಾಂಗ್ಲಿಯ ದೀಪಗಳು ಕಾಣುತ್ತಿದ್ದವು. ಆ ದೀಪಗಳ ಕೆಳಗೆ ಮಾತ್ರ ಒಂದು ಸಲವೂ ಹೋಗಿರಲಿಲ್ಲ. ಕುರಿ ಪೇಟೆಯೊಳಗೆ ಬರುವುದಿಲ್ಲ, ಕುರಿ ಬಾರದ ಕಡೆ ಮಾಯವ್ವ ಬರುವುದಿಲ್ಲ. ಲೆಕ್ಕ ಅಷ್ಟು ಸರಳ.

ಅಂಥವಳು ಈ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಜತ್ತದ ಬಸ್ಸಿನಿಂದ ಸಾಂಗ್ಲಿ ಸ್ಟ್ಯಾಂಡಿನಲ್ಲಿ ಇಳಿದಳು. ಕೈಯಲ್ಲಿ ಕುರಿ ಕಾಯುವ ಕೋಲು, ಹೆಗಲ ಮೇಲೆ ಕರಿ ಕಂಬಳಿ. ಇಂಥ ಬಿಸಿಲಿಗೆ ಕಂಬಳಿ ಯಾಕೆ ಅಂತ ಕಂಡಕ್ಟರ್ ನಕ್ಕಿದ್ದಕ್ಕೆ, "ಥಂಡಿಗೆ ಎಲ್ಲಾರೂ ಹೊಚ್ಚಗೋತಾರ, ಬಿಸಲಿಗೆ ಹೊಚ್ಚಗೊಳ್ಳಾಕ ನಮಗಷ್ಟ ಗೊತ್ತು" ಅಂದು ಅವನ ಬಾಯಿ ಮುಚ್ಚಿಸಿದ್ದಳು.

ಕರೆದುಕೊಂಡು ಹೋಗಲು ಬಂದವಳು ಮೊಮ್ಮಗಳು ಪೂನಮ. ಸಾಂಗ್ಲಿಯ ಒಂದು ಸೀರೆ ಅಂಗಡಿಯಲ್ಲಿ ಅವಳಿಗೆ ಕೆಲಸ, ಮಾಧವನಗರದಲ್ಲಿ ಇಂದುಬಾಯಿ ಎನ್ನುವ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ವಾಸ. "ಆಯಿ, ಪೇಟಿ ತೋರಸ್ತೀನಿ ಬಾ" ಅಂತ ಕೆಲಸಕ್ಕೆ ಸೇರಿದ ದಿನದಿಂದ ಅಜ್ಜಿಯನ್ನು ಕರೆಯುತ್ತಲೇ ಇದ್ದಳು. ಅವರ ಮನೆಗಳಲ್ಲಿ ಅಜ್ಜಿಗೆ ಆಯಿ ಅನ್ನುವುದೇ ರೂಢಿ. ಮಾಯವ್ವ ಪ್ರತಿ ಸಲ, "ನಾ ಬಂದ್ರ ಕುರಿ ಯಾರ ನೋಡ್ತಾರ" ಅಂತ ಮಾತು ಮುಗಿಸುತ್ತಿದ್ದಳು. ಈ ಸಲ ಪೂನಮಳ ಅಪ್ಪ ಶಿವಾಜಿ, ಮಾಯವ್ವನ ಒಬ್ಬನೇ ಮಗ, ತಾನಾಗಿ ಬಾಯಿಬಿಟ್ಟು, "ಎರಡ ದಿನ ಹೋಗಿ ಬಾರವ್ವ, ನಾ ನೋಡ್ತೀನಿ" ಅಂದ. ಮಗನಿಗೆ ಕಡೆಗೂ ಬುದ್ಧಿ ಬಂತು ಅಂದುಕೊಂಡು ಮಾಯವ್ವ ಹೊರಟುಬಿಟ್ಟಳು.

ಶಿವಾಜಿಗೆ ಬಂದ ಬುದ್ಧಿ ಎಂಥದ್ದೆಂದು ಪೂನಮಳಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ವ್ಯಾಪಾರಿ ಲಾರಿ ತರುತ್ತಾನೆ. ಇಡೀ ಹಿಂಡು, ಮರಿಗಳೂ ಸೇರಿ, ಹೋಗುತ್ತದೆ. ಅಲ್ಲಿಯವರೆಗೆ ಅಜ್ಜಿಯನ್ನು ಸಾಂಗ್ಲಿಯಲ್ಲಿ ನಗಿಸುತ್ತ, ತಿನ್ನಿಸುತ್ತ, ತಿರುಗಾಡಿಸುತ್ತ ಇರಬೇಕು. ಇದು ಪೂನಮಳ ಪಾಲಿಗೆ ಬಂದ ಕೆಲಸ. ಕುರಿ ಕಾಯಲು ತೋಳನನ್ನು ನೇಮಿಸಿದ ಹಾಗೆ ಅಂತ ಅವಳಿಗೇ ಅನ್ನಿಸಿತ್ತು.

ಶಿವಾಜಿ ಕೆಟ್ಟವನೇನಲ್ಲ. ಕಳೆದ ಚಳಿಗಾಲದಲ್ಲಿ ಕವಠೆ ಮಹಾಂಕಾಳದ ಹತ್ತಿರ ಹೆದ್ದಾರಿ ದಾಟುವಾಗ ಒಂದು ಕಾರು ಮಾಯವ್ವನನ್ನು ಸವರಿಕೊಂಡು ಹೋಗಿ ಸೊಂಟಕ್ಕೆ ಪೆಟ್ಟಾಗಿತ್ತು. ಅರ್ಧ ದಾರಿಯಿಂದಲೇ ಹಿಂಡು ತಿರುಗಿಸಿಕೊಂಡು ಬಂದಿದ್ದರು. ತಂಗಿದ ನೆಲಗಳಲ್ಲೆಲ್ಲ ಈಗ ಮನೆ, ಗೋದಾಮು, ಬೇಲಿ. ಇನ್ನು ಪೂನಮಳ ಅಣ್ಣ ಅಮಿತ. ಟೆಂಪೋ ಓಡಿಸುತ್ತಾನೆ, ಕುಡಿಯುವುದಿಲ್ಲ, ನೋಡಲಿಕ್ಕೂ ಅಡ್ಡಿಯಿಲ್ಲ. ಆದರೂ ಎರಡು ಸಂಬಂಧ ತಪ್ಪಿದ್ದವು. ಮನೆಯಲ್ಲಿ ಕುರಿ ಇದೆ ಅಂದರೆ ಮಗಳನ್ನು ಕೊಡುವವರು ನಾಳೆ ಅವಳೂ ಹೆಗಲಿಗೆ ಮರಿ ಹಾಕಿಕೊಂಡು ಹೊಲಹೊಲ ಅಲೆಯಬೇಕಾದೀತು ಅಂತ ಹೆದರುತ್ತಾರೆ. ಈಗ ಬಂದ ಮೂರನೆಯವರು ನೇರವಾಗಿಯೇ ಹೇಳಿದ್ದರು, ಮೊದಲು ಕುರಿ ತೆಗೆಯಿರಿ, ಆಮೇಲೆ ಮದುವೆಯ ಅಕ್ಕಿಕಾಳಿನ ಮಾತು. ಮಾಯವ್ವ ಮಾತ್ರ, "ನಾ ಸತ್ತ ಮ್ಯಾಲೆ ಏನರ ಮಾಡ್ರಿ" ಅಂತ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು.

"ಅಕಿ ಮುಂದ ಹಿಂಡ ಮಾರಿದ್ರ ಎದಿ ಒಡಕೊಂಡ ಸಾಯ್ತಾಳ ಪೂನಮ" ಅಂದಿದ್ದ ಶಿವಾಜಿ ಫೋನಿನಲ್ಲಿ. "ಬೆಣ್ಣ್ಯಾಗಿನ ಕೂದಲ ತಗದಂಗ ತಗದ ಬಿಡೂಣು. ನೀ ಎರಡ ದಿನ ಇಟಗೋ, ಸಾಕು."

ಪೂನಮ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಿತ್ತು.

ಸ್ಟ್ಯಾಂಡಿನಿಂದ ಹೊರಬಿದ್ದ ಕೂಡಲೇ ಮಾಯವ್ವನ ಪೇಟೆ ಸಂಚಾರ ಶುರುವಾಯಿತು. ದಾರಿ ದಾಟಲು ಪೂನಮ ಸಿಗ್ನಲ್ ಕಾಯುತ್ತಿದ್ದರೆ ಅಜ್ಜಿ ಕಾಯಲಿಲ್ಲ. ಕೋಲನ್ನು ಅಡ್ಡ ಹಿಡಿದು ನಡುರಸ್ತೆಗಿಳಿದು ನಿಂತಳು. ಹೆದ್ದಾರಿಯಲ್ಲಿ ಹಿಂಡು ದಾಟಿಸುವಾಗ ಹೀಗೆಯೇ ನಿಲ್ಲುವುದು, ವಾಹನಗಳು ನಿಲ್ಲುತ್ತವೆ. ಇಲ್ಲಿಯೂ ನಿಂತವು. ಒಂದು ಬಸ್ಸು, ನಾಲ್ಕಾರು ರಿಕ್ಷಾ, ಬೈಕುಗಳ ದೊಡ್ಡ ಗುಂಪು, ಎಲ್ಲವೂ ಬ್ರೇಕು ಹಾಕಿ ಈ ಮುದುಕಿಯ ಹಿಂದೆ ಇನ್ನೇನು ಕುರಿಗಳು ಬಂದಾವೆಂದು ನೋಡಿದವು. ಬಂದವಳು ಪೂನಮ ಒಬ್ಬಳೇ, ನಾಚಿ ತಲೆ ತಗ್ಗಿಸಿಕೊಂಡು. "ಕಾಯ್ ಮಾವಶಿ, ಮೇಂಢ್ರಂ ಕುಠಂ?" ಅಂದ ಒಬ್ಬ ರಿಕ್ಷಾದವ. ಚಿಕ್ಕಮ್ಮ, ಕುರಿ ಎಲ್ಲಿ ಅಂತ. ಮಾಯವ್ವ ಮರಾಠಿಯಲ್ಲೇ, ಅವಕ್ಕೆ ರಜೆ ಕೊಟ್ಟಿದ್ದೇನೆ ಅಂದಳು. ರಿಕ್ಷಾದವರೆಲ್ಲ ಹೋ ಅಂತ ನಕ್ಕರು. ಪೂನಮಳಿಗೂ ನಗು ಬಂತು. ಬಂದ ಕೂಡಲೇ ಭಾನುವಾರದ ಲಾರಿ ನೆನಪಾಯಿತು.

ಗಣಪತಿ ಗುಡಿಯ ಕಲ್ಲಿನ ನೆಲಕ್ಕೆ ಅಜ್ಜಿ ಬರಿಗಾಲಿಟ್ಟು, ಆಹಾ, ತಂಪು ಅಂತ ಅಲ್ಲಿಯೇ ಕುಳಿತಳು. ದೇವರಿಗೆ ಕೈ ಮುಗಿದು ಎಲ್ಲರ ಹೆಸರೂ ಹೇಳಿದಳು, ಶಿವಾಜಿ, ಸೊಸೆ ಮನಿಷಾ, ಅಮಿತ, ಪೂನಮ. ಆಮೇಲೆ ಕುರಿಗಳ ಹೆಸರು. ಸಂಗಿಯ ಹೆಸರು ಮೊದಲು ಬಂತು. ಸಂಗಿ ಹಿಂಡಿನ ಮುಂದಾಳು, ಹರಿಪುರದ ಸಂಗಮದ ಹತ್ತಿರ ತಂಗಿದ್ದಾಗ ಹುಟ್ಟಿದ್ದಕ್ಕೆ ಆ ಹೆಸರು. ಅದು ನಡೆದ ಕಡೆ ಉಳಿದವೆಲ್ಲ ನಡೆಯುತ್ತವೆ, ಅದು ನಿಂತರೆ ಎಲ್ಲವೂ ನಿಲ್ಲುತ್ತವೆ. ಒಂದೊಂದೇ ಹೆಸರು ಬರುತ್ತಿದ್ದಂತೆ ಪೂನಮ ಎದ್ದು ಹೊರಗೆ ಚಪ್ಪಲಿಯ ಹತ್ತಿರ ಹೋಗಿ ನಿಂತಳು.

ಆಮೇಲೆ ಕಬ್ಬಿನ ಹಾಲು ಕುಡಿದರು. ಭಡಂಗದ ಪೊಟ್ಟಣ ಬಿಚ್ಚಿ ಬೀದಿಯಲ್ಲೇ ತಿಂದರು. ಮಸಾಲೆ ಹಚ್ಚಿದ ಈ ಚುರುಮುರಿಯನ್ನು ಮಾಯವ್ವ ಮೊದಲು ಅನುಮಾನದಿಂದ ಎರಡು ಕಾಳು ಬಾಯಿಗೆ ಹಾಕಿಕೊಂಡಳು, ಕಡೆಗೆ ಪೊಟ್ಟಣದ ತಳ ಬಡಿದು ಅಂಗೈಗೆ ಸುರಿದುಕೊಂಡಳು. ಬಣ್ಣದ ಐಸ್‌ಗೋಲಾ ಚೀಪಿ ನಾಲಗೆ ಕೆಂಪಾಯಿತೆಂದು ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡು, "ಈಗ ನನಗ ಯಾರರ ವರ ನೋಡ್ರಿ" ಅಂದಳು. ಪೂನಮ ತನ್ನ ಸೀರೆ ಅಂಗಡಿಗೂ ಕರೆದೊಯ್ದಳು. ಜತೆಯ ಹುಡುಗಿಯರು ಅಜ್ಜಿಯನ್ನು ಗಾದಿಯ ಮೇಲೆ ಕೂರಿಸಿ ರೇಷ್ಮೆ ಹೊದಿಸಿ ಫೋಟೋ ತೆಗೆದರು. ಮಾಯವ್ವ ಫೋಟೋಕ್ಕೆ ಹಲ್ಲು ಕಾಣದಂತೆ ತುಟಿ ಬಿಗಿದು ಕುಳಿತಳು.

ಅರಿಸಿನದ ಪೇಟೆಯಲ್ಲಿ ಮಾತ್ರ ಅವಳ ಹುಡುಗಾಟ ನಿಂತಿತು. ಗೋದಾಮಿನ ಬಾಗಿಲಲ್ಲಿ ಆಳೆತ್ತರದ ರಾಶಿಗಳು, ಗಾಳಿಯೆಲ್ಲ ಹಳದಿ. ಕುರುಬರ ದೇವರಿಗೆ ಅರಿಸಿನವೇ ಭಂಡಾರ, ಅದೇ ಪ್ರಸಾದ. ಮಾಯವ್ವ ಚಪ್ಪಲಿ ಬಿಟ್ಟು, ರಾಶಿಗೆ ಅಡ್ಡಬಿದ್ದಳು. ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಗುರುಬಸಪ್ಪ ಎನ್ನುವ ವ್ಯಾಪಾರಿ ಗಾದಿಯಿಂದ ಎದ್ದು ಬಂದು, "ಏಳ್ರಿ ಅವ್ವಾರ, ಎಲ್ಲಿಂದ ಬಂದ್ರಿ?" ಅಂತ ಕನ್ನಡದಲ್ಲೇ ಕೇಳಿ, ಅವಳ ಸೆರಗಿಗೆ ಒಂದು ಬೊಗಸೆ ಪುಡಿ ಹಾಕಿಸಿದ. ಮಾಯವ್ವ ಗಂಟು ಹಾಕಿಕೊಳ್ಳುತ್ತ, "ಸೋಮವಾರ ಎಲ್ಲಾ ಕುರಿಗೂ ಹಣಿಗೆ ಹಚ್ಚೂಣು. ಪೇಟಿ ಭಂಡಾರ ಅಂದ್ರ ಅವೂ ಬೆರಗಾಗ್ತಾವ" ಅಂದಳು. ಪೂನಮ ಹೂಂ ಅಂದಳು.

ಮಾಧವನಗರದ ಮನೆಯಲ್ಲಿ ಇಂದುಬಾಯಿ ಊಟಕ್ಕೆ ಜೋಳದ ರೊಟ್ಟಿ ಬಡಿದು ಕಾದಿದ್ದರು. ಅವರ ಮನೆಯಲ್ಲಿ ಮಗ ಸೊಸೆ ಮೊಮ್ಮಕ್ಕಳೆಲ್ಲ ಮರಾಠಿ. ಕನ್ನಡದಲ್ಲಿ ಹೊಟ್ಟೆ ತುಂಬ ಮಾತಾಡಲು ಒಬ್ಬರು ಸಿಕ್ಕರೆಂದು ಅವರಿಗೆ ಖುಷಿ. ಇಬ್ಬರು ಮುದುಕಿಯರೂ ಮೊಣಕಾಲಿನಿಂದ ಹಿಡಿದು ಸೊಸೆಯರವರೆಗೆ ಎಲ್ಲವನ್ನೂ ಮಾತಾಡಿದರು. ಪೂನಮಳ ತಟ್ಟೆ ಹಾಗೇ ಇತ್ತು.

"ಯಾಕ ಪೋರಿ, ಉಣವಲ್ಲಿ?" ಅಂದಳು ಮಾಯವ್ವ.

"ಗೋಲಾ ತಿಂದೇನಲ್ಲ ಆಯಿ, ಭೂಕ ಇಲ್ಲ."

"ನಾನೂ ತಿಂದೇನಿ, ನಾ ಉಣವಲ್ಲೆನೇನು?" ಅಂತ ಅಜ್ಜಿ ರೊಟ್ಟಿಗೆ ಬೆಣ್ಣೆ ಸವರಿ ಮೊಮ್ಮಗಳ ಬಾಯಿಗೇ ಇಟ್ಟಳು. ಇಂದುಬಾಯಿಯ ಕಡೆ ತಿರುಗಿ, "ಇಕಿ ಕರದಾಗೆಲ್ಲಾ ಒಲ್ಲೆ ಅಂತಿದ್ದೆರಿ. ಈಗ ಅನಸ್ತೈತಿ, ಹಿಂದಕ್ಕ ಬರಬೇಕಾಗಿತ್ತು. ನಾ ಹುಟ್ಟಿದ ಮ್ಯಾಲೆ ಎರಡ ದಿನ ಬರೇ ನನ್ನ ಸಲುವಾಗಿ ಕಳದದ್ದು ಇದ ಮೊದಲು" ಅಂದಳು.

ಪೂನಮ ತುತ್ತು ಅಗಿಯುತ್ತ ನೀರು ತರುವ ನೆಪದಲ್ಲಿ ಎದ್ದಳು.

ಭಾನುವಾರ ಬಿಸಿಲೇರುವ ಮೊದಲೇ ಇಬ್ಬರೂ ಕೃಷ್ಣೆಯ ಘಾಟಿಗೆ ಹೋದರು. ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಇರ್ವಿನ್ ಸೇತುವೆಯ ಕಮಾನುಗಳ ಕೆಳಗೆ ಹಾದು ಬರುವಾಗ ಮಾಯವ್ವ ದೋಣಿಯ ಅಂಚು ಬಿಗಿಹಿಡಿದು ಬೀರಪ್ಪನನ್ನು ನೆನೆದಳು, ಇಳಿದ ಮೇಲೆ ಅಂಜಿಕೆಯೇನೂ ಆಗಲಿಲ್ಲ ಅಂದಳು. ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕಾಲು ಬಿಟ್ಟಿದ್ದಾಗ ಪೂನಮಳ ಫೋನು ಅಲುಗಿತು. ಅಪ್ಪ. ಅವಳು ಎದ್ದು ಆಲದ ಮರದ ಆಚೆ ಹೋದಳು.

"ಹತ್ತವಲ್ಲವು" ಅಂದ ಶಿವಾಜಿ. ಹಿಂದೆ ಕುರಿಗಳ ಬ್ಯಾ ಬ್ಯಾ, ಯಾರೋ ಬೈಯುವುದು, ಲಾರಿಯ ಹಲಗೆ ಬಡಿಯುವ ಸದ್ದು. "ಸಂಗಿ ನೆಲಕ್ಕ ಕಾಲ ಊರಿ ನಿಂತೈತಿ. ಅದು ಹತ್ತಲಾರದ ಒಂದೂ ಹತ್ತೂದುಲ್ಲ. ನಾ ಕರದ್ರ ಬರವಲ್ಲವು, ಅಮಿತ ಕರದ್ರ ದೂರ ಓಡಿ ಹೋಗ್ತಾವ. ಅವ್ವನ ದನಿಗಷ್ಟ ಬರೂವು."

"ಬರವಲ್ಲವು ಅಂದ್ರ ಬಿಟ್ಟ ಬಿಡ್ರಿ ಪಪ್ಪಾ."

"ಬಿಡೂ ಹಂಗಿಲ್ಲವ್ವ, ಮಾತ ಕೊಟ್ಟೇವಿ. ಅವನ ಆಳುಗೋಳು ಕಾಲ ಕಟ್ಟಿ ಎತ್ತಿ ಒಗೀತೇವಿ ಅನ್ನಾಕ ಹತ್ಯಾರ. ಗಬ್ಬದ ಕುರಿ ಅದಾವ, ಪೂನಮ." ಶಿವಾಜಿಯ ದನಿ ಒಡೆದಿತ್ತು. ಫೋನನ್ನು ಅಮಿತ ತೆಗೆದುಕೊಂಡ. "ಏ, ಆಯಿಗೆ ಒಂದ ಸಲ ಕುರಿ ಕರಿಯಾಕ ಹೇಳು. ರೆಕಾರ್ಡ್ ಮಾಡಿ ವಾಟ್ಸಾಪ್ ಹಾಕು. ಟೆಂಪೋದ ಸ್ಪೀಕರ್ ಮ್ಯಾಲೆ ಹಚ್ಚತೀನಿ."

ಪೂನಮ ಆಗುವುದಿಲ್ಲ ಅಂದಳು. ಅಮಿತ, ಹಾಗಾದರೆ ಕಾಲು ಕಟ್ಟುತ್ತಾರೆ, ನೀನೇ ಹೇಳು ಅಂದ. ಹಿಂದೆ ಒಂದು ಕುರಿ ಅರಚಿಕೊಂಡಿತು. ಆ ಅರಚಾಟವೇ ಅವಳನ್ನು ಸೋಲಿಸಿತು. ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡ ಕುರಿಗಳನ್ನು ಮೂಟೆಯ ಹಾಗೆ ಎಸೆಯುವುದಕ್ಕಿಂತ, ತಾವಾಗಿ ಹತ್ತಿದರೆ ಒಳ್ಳೆಯದಲ್ಲವೇ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಮರದ ಆಚೆಯಿಂದ ಮೆಟ್ಟಿಲವರೆಗೆ ಬರುವಷ್ಟರಲ್ಲಿ ಮುಖಕ್ಕೆ ಒಂದು ನಗು ತಂದುಕೊಂಡಿದ್ದಳು.

"ಆಯಿ, ಕುರಿ ಹೆಂಗ ಕರೀತಿ? ಒಮ್ಮಿ ಕರದ ತೋರಸು. ನೀರ ಮ್ಯಾಲೆ ಹೆಂಗ ಕೇಳಸ್ತೈತಿ ನೋಡೂಣು."

"ಹುಚ್ಚಿ ಇದ್ದಿಯೇನ? ಇಷ್ಟ ಮಂದಿ ಮುಂದ?"

"ಮಂದಿಗೆ ನಿನ್ನ ಗುರುತ ಎಲ್ಲೈತಿ? ಕರಿ ಆಯಿ, ನನ್ನ ಸಲುವಾಗಿ."

ಮಾಯವ್ವ ಆಚೆ ಈಚೆ ನೋಡಿದಳು. ಈಜುವ ಹುಡುಗರು, ಬಟ್ಟೆ ಒಗೆಯುವ ಹೆಂಗಸರು. ಸೆರಗು ಸರಿ ಮಾಡಿಕೊಂಡು, ಸೊಂಟದ ಮೇಲೆ ಕೈಯೂರಿ ಎದ್ದು ನಿಂತಳು. ಆಚೆ ದಂಡೆಯ ಕಡೆ ಮುಖ ಮಾಡಿದಳು. ಮೊದಲು ಎದೆಯಾಳದಿಂದ ಉದ್ದನೆಯ ಒಂದು ಹೋ. ಆಮೇಲೆ ನಾಲಗೆಯನ್ನು ಅಂಗುಳಕ್ಕೆ ಬಡಿದು ಟುರ್ ಟುರ್ ಟುರ್. ಕಡೆಗೆ, "ಬಾ ನನ್ನವ್ವಾ ಸಂಗೀ, ಬರ್ರೇ ನನ್ನವ್ವಗೋಳಾ, ಬರ್ರೇ". ಎಂಟು ಹೊಲ ಆಚೆಗೆ ಮುಟ್ಟುವ ದನಿ ಅದು, ನದಿ ಯಾವ ಲೆಕ್ಕ. ಈಜುವ ಹುಡುಗರು ಕೈ ಆಡಿಸುವುದನ್ನು ಬಿಟ್ಟು ತಿರುಗಿ ನೋಡಿದರು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಎದ್ದು ಕುಳಿತಿತು. ಒಬ್ಬ ಚಪ್ಪಾಳೆ ತಟ್ಟಿದ, ಅವನನ್ನು ನೋಡಿ ಎಲ್ಲರೂ ತಟ್ಟಿದರು. ಮಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹುಡುಗಿಯ ಹಾಗೆ ನಕ್ಕಳು. ಪೂನಮ ಫೋನನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದಳು.

"ತುಂಬಿಕೊಂಡಿಯೇನು ಅದರಾಗ? ಕೇಳಸು ಮತ್ತ" ಅಂದಳು ಅಜ್ಜಿ.

ಪೂನಮ ಮೊದಲು ಕಳಿಸಿದಳು, ಆಮೇಲೆ ಕೇಳಿಸಿದಳು. ತನ್ನ ದನಿಯನ್ನು ಹೊರಗಿನಿಂದ ಮಾಯವ್ವ ಕೇಳಿದ್ದು ಅದೇ ಮೊದಲು. ಕಣ್ಣು ಅಗಲಿಸಿ, ಫೋನಿಗೆ ಕಿವಿ ಹಚ್ಚಿ, ಎರಡು ಸಲ ಕೇಳಿದಳು. "ನನ್ನ ದನಿ ಹಿಂಗೈತೇನು? ಚಲೋ ಐತಲ್ಲ. ಇಂಥಾ ದನೀಲೆ ಕರದ್ರ ನಾನರ ಓಡಿ ಬರ್ತಿದ್ದೆ" ಅಂದಳು.

ಸ್ವಲ್ಪ ಹೊತ್ತಿಗೆ ಅಮಿತನ ಸಂದೇಶ ಬಂತು. ಎಲ್ಲವೂ ಹತ್ತಿದವು, ಸಂಗಿ ಎಲ್ಲಕ್ಕಿಂತ ಮೊದಲು ಅಂತ. ಪೂನಮ ಮುಖ ತೊಳೆಯುವ ನೆಪದಲ್ಲಿ ನೀರಿಗೆ ಬಗ್ಗಿ ಅಲ್ಲೇ ಅತ್ತುಬಿಟ್ಟಳು.

ಮಧ್ಯಾಹ್ನ ಮಿರಜಕ್ಕೆ ಬಂದರು. ಜತ್ತದ ಕಡೆಗೆ ಸಂಜೆಯ ಬಸ್ಸು ಅಲ್ಲಿಂದ. ದರ್ಗಾಕ್ಕೆ ಕೈ ಮುಗಿದು, ತಂಬೂರಿ ಮಾಡುವವರ ಓಣಿಯಲ್ಲಿ ನಡೆದರು. ಅಂಗಡಿಗಳ ಮಾಳಿಗೆಯಿಂದ ಒಣಗಿದ ಕುಂಬಳದಂಥ ಬುರುಡೆಗಳು ತೂಗುತ್ತಿದ್ದವು. ಒಬ್ಬ ಮುದುಕ ತಂಬೂರಿ ಮೀಟುತ್ತ ಶ್ರುತಿ ನೋಡುತ್ತಿದ್ದ. ಮಾಯವ್ವ ಹೊಸಿಲಲ್ಲಿ ನಿಂತು, ಬಸ್ಸಿಗೆ ಹೊತ್ತಾಯಿತು ಅಂದರೂ ಕದಲಲಿಲ್ಲ. ಅದರ ಪಕ್ಕದ ಓಣಿಯಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿ ಕಂಡ ಕೂಡಲೇ ಅವಳಿಗೆ ಪೇಟೆಯಲ್ಲಿ ಮಾಡಬೇಕೆಂದಿದ್ದ ಕೆಲಸ ನೆನಪಾಯಿತು. ಸಂಗಿಯ ಕೊರಳಿಗೆ ಹೊಸ ಗಂಟೆ. ಹಳೆಯದರ ನಾಲಗೆ ಸವೆದು ಹೋಗಿತ್ತು.

ಒಂದೊಂದೇ ಗಂಟೆ ಎತ್ತಿ ಕಿವಿಯ ಹತ್ತಿರ ಅಲುಗಿಸಿದಳು. ಇದು ಕೊರಳಿಗೆ ಭಾರ ಅಂದಳು. ಇದರ ದನಿ ಗಾಳಿಯಲ್ಲಿ ನಿಲ್ಲುವುದಿಲ್ಲ ಅಂದಳು. ಕಡೆಗೆ ಒಂದು ಸಿಕ್ಕಿತು. ಮತ್ತೆ ಮತ್ತೆ ಅಲುಗಿಸಿ, ಮುಖವೆಲ್ಲ ಬೆಳಕಾಗಿ, "ಇದನ್ನ ಹಾಕಿದ್ರ ಸಂಗಿ ಮೂಗ ಮ್ಯಾಲೆ ಮಾಡಿ ನಡೀತಾಳ ನೋಡು" ಅಂದಳು.

ಪೂನಮಳಿಗೆ ಇನ್ನು ಬಚ್ಚಿಡಲಾಗಲಿಲ್ಲ.

"ಆಯಿ, ಗಂಟಿ ಬ್ಯಾಡ."

"ಯಾಕ ಬ್ಯಾಡ?"

"ಸಂಗಿ ಇಲ್ಲ ಆಯಿ. ಯಾವೂ ಇಲ್ಲ. ಪಪ್ಪಾ ಮಾರ್ಯಾರ. ಮುಂಜಾನೆ ಲಾರಿ ಬಂದಿತ್ತು."

ಮಾಯವ್ವ ಸದ್ದಾಗದಂತೆ ಗಂಟೆಯ ನಾಲಗೆಯನ್ನು ಬೆರಳಿನಿಂದ ಹಿಡಿದು ಅದನ್ನು ತೆಗೆದ ಜಾಗದಲ್ಲೇ ಇಟ್ಟಳು. ಅಂಗಡಿಯವನಿಗೆ, ತಪ್ಪು ತಿಳಿಯಬೇಡ ಅಂತ ಮರಾಠಿಯಲ್ಲಿ ಹೇಳಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಪೂನಮ ಪಕ್ಕದಲ್ಲಿ ಕುಳಿತುಕೊಳ್ಳಲಾರದೆ ಎದುರಿಗೆ ನಿಂತಳು.

"ಮರಿಗೋಳು?"

"ಎಲ್ಲಾ."

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಮಾಯವ್ವ ತಲೆಯಾಡಿಸಿದಳು. ಬೈಯುತ್ತಾಳೆ ಅಂತ ಪೂನಮ ಕಾದಳು, ಬೈದರೆ ಸಾಕು ಅಂತ ಕಾದಳು.

"ಅಮಿತನ ಲಗ್ನ ಆಗಬೇಕಲ್ಲ" ಅಂದಳು ಅಜ್ಜಿ ಕಡೆಗೆ, ತನ್ನಷ್ಟಕ್ಕೇ. "ನನಗೇನು ತಿಳೂದುಲ್ಲೇನು? ಕೇಳಿದ್ರ ಬೈತಿದ್ದೆ. ಎರಡ ದಿನ ಉಣತಿದ್ದಿದ್ದಿಲ್ಲ, ಅಳತಿದ್ದೆ. ಆಮ್ಯಾಲೆ ನಾನ ನಿಂತು, ಹಣಿಗೆ ಭಂಡಾರ ಹಚ್ಚಿ, ಒಂದೊಂದನ್ನ ಮೈ ಸವರಿ ಹತ್ತಸ್ತಿದ್ದೆ. ನಾ ಇಲ್ಲದ ಅವು ಲಾರಿ ಹತ್ತೂ ಪೈಕಿ ಅಲ್ಲ." ಅಂದವಳು ತಟ್ಟನೆ ತಲೆ ಎತ್ತಿದಳು. "ಹೌದು, ಹೆಂಗ ಹತ್ತಿದ್ವು?"

ಪೂನಮ ಸುಳ್ಳು ಹೇಳಬಹುದಿತ್ತು. ನೂಕಿದರು ಅನ್ನಬಹುದಿತ್ತು, ಹಲಗೆಗೆ ಹುಲ್ಲು ಹಾಕಿದರು ಅನ್ನಬಹುದಿತ್ತು. ಕೈಯಲ್ಲಿದ್ದ ಫೋನನ್ನು ಸೆರಗಿನ ಹಿಂದೆ ಸರಿಸಿದಳು. ಅಷ್ಟು ಸಾಕಾಯಿತು. ಮಾಯವ್ವ ಆ ಕೈಯನ್ನು ನೋಡಿದಳು, ಮೊಮ್ಮಗಳ ಮುಖ ನೋಡಿದಳು.

"ಘಾಟಿನ ಮ್ಯಾಲೆ ಕರಿ ಅಂದಿದ್ದಿ" ಅಂದಳು.

"ಕಾಲ ಕಟ್ಟಿ ಒಗೀತಿದ್ರು ಆಯಿ. ಗಬ್ಬದ್ದು ಅದಾವ ಅಂದ್ರು ಪಪ್ಪಾ. ಅದಕ್ಕ ಕಳಿಸಿದೆ." ಪೂನಮ ನೆಲಕ್ಕೆ ಕುಸಿದು ಅಜ್ಜಿಯ ಮೊಣಕಾಲು ಹಿಡಿದುಕೊಂಡಳು.

ಮಾಯವ್ವ ಅವಳ ಕೈ ಬಿಡಿಸಲಿಲ್ಲ. ಸವರಲೂ ಇಲ್ಲ. "ಹಂಗಾರ ಅವು ಅಂಜಿಲ್ಲ" ಅಂದಳು. "ನಾ ಒಳಗ ಇದ್ದೇನಂತ ತಿಳದ ಹತ್ತ್ಯಾವ. ಸಂಗಿ ಮೊದಲ ಹತ್ತಿರಬೇಕು. ಹತ್ತಿ ಸುತ್ತಾ ನೋಡಿರಬೇಕು, ನಾ ಎಲ್ಲಿ ಅಂತ."

ಅಷ್ಟಂದವಳು ಮಿರಜದ ಆ ಬೀದಿಯಲ್ಲಿ, ಹೋಗುವ ಬರುವ ಜನರ ಎದುರಿಗೆ, ಕಂಬಳಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲವಂತೆ. ಅಂಗಡಿಯವನು ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದ.

ಸಂಜೆಯ ಬಸ್ಸಿಗೆ ಪೂನಮಳೂ ಹತ್ತಿದಳು. ದಾರಿಯುದ್ದಕ್ಕೂ ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದಳು. ಕವಠೆ ಮಹಾಂಕಾಳ ದಾಟಿದ ಮೇಲೆ ಒಂದೇ ಒಂದು ಸಲ, "ಅದರಾಗಿಂದ ಆ ದನಿ ಅಳಸು" ಅಂದಳು. ಪೂನಮ ಅವಳೆದುರಿಗೇ ಅಳಿಸಿದಳು. ಅಮಿತನ ಫೋನಿನಲ್ಲಿ ಅದು ಇತ್ತು. ಇಳಿಸುವಾಗ ಬೇಕಾದೀತು ಅಂತ ಕುರಿ ವ್ಯಾಪಾರಿಯೂ ತನ್ನ ಫೋನಿಗೆ ಹಾಕಿಸಿಕೊಂಡಿದ್ದ. ಇದು ಪೂನಮಳಿಗೆ ಆಮೇಲೆ ತಿಳಿಯಿತು. ಅಜ್ಜಿಗೆ ಅವಳು ಇದನ್ನು ಇಂದಿಗೂ ಹೇಳಿಲ್ಲ.

ಶಿವಾಜಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದ, ಕೋಲಿನ ಏಟಿಗೂ ತಯಾರಾಗಿ. ಮಾಯವ್ವ ಅವನಿಗೆ, ಉಂಡೆಯಾ ಅಂತ ಕೇಳಿ ಒಳಗೆ ಹೋದಳು. ಅಮಿತನ ಮದುವೆ ಮುಂದಿನ ತಿಂಗಳೇ ಆಯಿತು. ಅಕ್ಕಿಕಾಳು ಹಾಕಲು ಅಜ್ಜಿಯೇ ಮುಂದೆ ನಿಂತಳು, ಹೊಸ ಸೊಸೆಯನ್ನು ಚೆನ್ನಾಗಿಯೇ ಮನೆ ತುಂಬಿಸಿಕೊಂಡಳು. ನೋಡಿದವರು, ಮುದುಕಿ ಹೊಂದಿಕೊಂಡಳು, ನಾವೇ ಸುಮ್ಮನೆ ಅಂಜಿದೆವು ಅಂದರು. ಶಿವಾಜಿಗೂ ಹಾಗೇ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಅವನಿಗೆ ಒಳ್ಳೆಯದಾಯಿತು.

ಒಂದನ್ನು ಮಾತ್ರ ಮನೆಯವರು ಗಮನಿಸಲು ತಡವಾಯಿತು. ಮಾಯವ್ವ ಯಾರನ್ನೂ ಕೂಗಿ ಕರೆಯುವುದನ್ನು ಬಿಟ್ಟಿದ್ದಳು. ಊರಿನ ಈ ತುದಿಯಿಂದ ಆ ತುದಿಗೆ ಮಗನನ್ನು ಊಟಕ್ಕೆ ಕೂಗುತ್ತಿದ್ದವಳು, ಈಗ ಸೊಂಟ ಹಿಡಿದುಕೊಂಡು ಹೊಲದವರೆಗೆ ನಡೆದು ಹೋಗಿ ಭುಜ ಮುಟ್ಟುತ್ತಾಳೆ. ಕೋಳಿಗೆ ಕಾಳು ಹಾಕಿದರೂ ಬಾ ಬಾ ಅನ್ನುವುದಿಲ್ಲ, ಹಾಕಿ ಸುಮ್ಮನೆ ನಿಲ್ಲುತ್ತಾಳೆ, ಬಂದರೆ ಬಂದಾವು.

ದೀಪಾವಳಿಗೆ ಪೂನಮ ಊರಿಗೆ ಹೋದಳು. ಅವಳು ಬಸ್ಸಿಳಿದು ಬದುವಿನ ಮೇಲೆ ಬರುವುದನ್ನು ಅಜ್ಜಿ ಅಂಗಳದಿಂದಲೇ ನೋಡಿದಳು, ಬರುವವರೆಗೂ ಬಾಯಿ ತೆರೆಯದೆ ನೋಡುತ್ತಲೇ ನಿಂತಳು. ಹತ್ತಿರ ಬಂದ ಮೇಲೆ ಕೆನ್ನೆ ಮುಟ್ಟಿದಳು. ಪೂನಮಳಿಗೆ ತಡೆಯಲಾಗಲಿಲ್ಲ.

"ಆಯಿ, ಒಂದ ಸಲ ನನ್ನ ಹೆಸರ ಹಿಡದು ಕರಿ. ಜೋರಾಗಿ."

"ಬಂದೀಯಲ್ಲ. ಮತ್ಯಾಕ ಕರೀಲಿ?"

"ಮೊದಲೆಲ್ಲಾ ಕರೀತಿದ್ದಿ."

ಮಾಯವ್ವ ಮೊಮ್ಮಗಳ ಕೈಯಿಂದ ಚೀಲ ತೆಗೆದುಕೊಂಡಳು. "ಕರದ ಮ್ಯಾಲೆ ನಾ ಅಲ್ಲಿ ಇರಬೇಕಾಗ್ತೈತಿ ಪೂನಮ" 
ಅಂದು, ಕಾಲಿಗೆ ನೀರು ತರಲು ಒಳಗೆ ಹೋದಳು.